ಮೂತಿ ಕೂಡದ ಹಾಯಿದೋಣಿ

ನಮ್ಮ ಅತ್ತಿಗೆಯ ಕೆಲಸ ಹಲ್ಲು ಕಟ್ಟುವುದು. ಹಾಗೆಂದು ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅದನ್ನು ಎದುರಿಗಿಟ್ಟುಕೊಂಡು ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ಮಾಡುವವರು ಇವರು. ಯಾರನ್ನಾದರೂ ಪರಿಚಯ ಮಾಡಿಸಿದರೆ ಇವರು ಮುಖ ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಒಮ್ಮೆ ಬಸ್ಸಿನಲ್ಲಿ, ಎದುರು ಸೀಟಿನಲ್ಲಿ ಗಹಗಹಿಸಿ ನಗುತ್ತಿದ್ದ ಹಿರಿಯರೊಬ್ಬರನ್ನು ತೋರಿಸಿ, "ಮೇಲಿನ ಸಾಲು ನಂದೇ ಕಣೇ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನನಗೆ ನಗು ತಡೆಯಲಾಗದೆ ನಾವಿಬ್ಬರೂ ಇಳಿಯುವ ಸ್ಟಾಪು ತಪ್ಪಿಸಿಕೊಂಡೆವು.

ಲ್ಯಾಬಿರಲಿ ಮನೆಯಿರಲಿ, ಅವರ ಬಲಗೈಯ ಪಕ್ಕ ಸಣ್ಣದೊಂದು ಅರ ಸದಾ ಇರುತ್ತದೆ. ಹಲ್ಲು ಎಲ್ಲಿ ಕೂದಲೆಳೆಯಷ್ಟು ಹೆಚ್ಚಾಗಿದೆಯೋ ಅಲ್ಲಿ ಎರಡು ಸಲ ಉಜ್ಜುತ್ತಾರೆ, ಬೆರಳಾಡಿಸಿ ನೋಡುತ್ತಾರೆ, ಮತ್ತೆ ಉಜ್ಜುತ್ತಾರೆ. ಮಾತಾಡುತ್ತಲೇ, ಚಹಾ ಕುಡಿಯುತ್ತಲೇ ಇದು ನಡೆಯುತ್ತದೆ.

ಹೀಗಿರುವಾಗ ಲ್ಯಾಬಿನವರು ಹಲ್ಲುಗಳನ್ನು ತಾನೇ ಕೊರೆದು ತಯಾರಿಸುವ ಯಂತ್ರ ತಂದು ಕೂರಿಸಿದರು. ಅತ್ತಿಗೆಯ ಮೇಜನ್ನು ಎತ್ತಿಸಿದರು. "ಕೆಲಸ ಬಿಡಿ ಅಂತ ಹೇಳ್ತಿಲ್ಲಮ್ಮ, ಪ್ಯಾಕಿಂಗ್ ನೋಡ್ಕೊಳ್ಳಿ" ಎಂದು ಲ್ಯಾಬಿನ ಯಜಮಾನ ದೊಡ್ಡ ಉಪಕಾರ ಮಾಡಿದವನಂತೆ ಹೇಳಿದನಂತೆ. ನಾನಾಗಿದ್ದರೆ ಆ ಡಬ್ಬಿಗಳನ್ನು ಅವನ ತಲೆಗೇ ಎಸೆಯುತ್ತಿದ್ದೆ. ಅತ್ತಿಗೆ ಕೂತು ಡಬ್ಬಿಗಳಿಗೆ ಟೇಪು ಅಂಟಿಸತೊಡಗಿದರು. ಮನೆಗೆ ಬಂದರೆ ಮಾತ್ರ ಕೈಗಳನ್ನು ಎಲ್ಲಿಡುವುದೆಂದೇ ಅವರಿಗೆ ತಿಳಿಯುತ್ತಿರಲಿಲ್ಲ. ಮಡಚಿದ ಟವೆಲ್ಲನ್ನೇ ಬಿಡಿಸಿ ಮತ್ತೆ ಮಡಚುವರು.

ಆಗ ಅವರ ಕೈಗೆ ಸಿಕ್ಕಿದ್ದು ತಮ್ಮ ಮಗಳು ಆಡಿ ಬಿಟ್ಟಿದ್ದ ಬ್ಲಾಕ್ಸ್ ಡಬ್ಬ. ಒಂದರ ಮೇಲೊಂದು ಒತ್ತಿ ಕೂರಿಸುವ, ತಲೆಯ ಮೇಲೆ ಸಣ್ಣ ಗುಂಡು ಗುಬುಟುಗಳಿರುವ ಪ್ಲಾಸ್ಟಿಕ್ ಇಟ್ಟಿಗೆಗಳು. ಲ್ಯಾಬಿನ ಕಿಟಕಿಯಿಂದ ಕೆರೆಯೂ ಅದರ ಹಾಯಿದೋಣಿಗಳೂ ಕಾಣುತ್ತವೆ. ಅತ್ತಿಗೆ ಊಟದ ಮೇಜಿನ ಮೇಲೆ ಅಂಥದ್ದೊಂದು ದೋಣಿ ಕಟ್ಟಲು ಕೂತರು. ಬ್ಲಾಕುಗಳನ್ನು ಅಡ್ಡ ಮಲಗಿಸಿ ಜೋಡಿಸಿದ್ದರಿಂದ ಪಕ್ಕೆಗಳು ಮೆಟ್ಟಿಲು ಮೆಟ್ಟಿಲಾಗದೆ ನುಣ್ಣಗೆ ಬಂದವು. ತಿರುಗುವ ಚುಕ್ಕಾಣಿ, ಎತ್ತಿ ಇಳಿಸುವ ಹಾಯಿ, ಒಳಗೆ ಉಗುರಿನಗಲದ ಒಲೆ, ಎಲ್ಲ ಇತ್ತು. ಹಾಯಿ ಹೊಲಿದುಕೊಟ್ಟವಳು ನಾನು. ಕೆಳಗಿನ ಮನೆಯಲ್ಲೇ ನನ್ನ ಹೊಲಿಗೆ ಅಂಗಡಿ, ಹಾಗಾಗಿ ಬಿಟ್ಟಿ ಚಾಕರಿಗೆ ನಾನು ಸದಾ ಸಿಗುತ್ತೇನೆ.

ಬಿಡಿ ಬ್ಲಾಕುಗಳಿಗೆಂದು ಅವರು ಹೋಗುತ್ತಿದ್ದ ಆಟಿಕೆ ಅಂಗಡಿಯವನು ತನ್ನದೇ ಮಾದರಿಗಳನ್ನು ಡಬ್ಬದಲ್ಲಿ ತುಂಬಿ, ಕಟ್ಟುವ ಕ್ರಮದ ಪುಸ್ತಕದ ಸಮೇತ ಮಾರುತ್ತಿದ್ದ. ದೋಣಿಯ ಫೋಟೋ ನೋಡಿ ಬಾಯಿ ತೆರೆದ. ಅತ್ತಿಗೆ ಅವನ ಹಲ್ಲು ನೋಡಿದರು.

"ಅಮ್ಮಾ, ಮಾದರಿ ಮಾಡಿಕೊಡೋಕೆ ನನಗೊಬ್ಬರು ಬೇಕು. ಸಂಬಳದ ಕೆಲಸಾನೇ" ಎಂದ. "ಒಂದೇ ಷರತ್ತು. ಈ ದೋಣೀನ ಕಂಡೇ ಇರದವರೊಬ್ಬರು ನನ್ನ ಅಂಗಡೀಲಿ ಕೂತು, ಪುಸ್ತಕ ನೋಡ್ಕೊಂಡು ಕಟ್ಟಬೇಕು. ನೀವು ಮುಟ್ಟೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಅವರ ಕೈಲಿ ಆಯ್ತು ಅಂದ್ರೆ ಕೆಲಸ ನಿಮ್ಮದು."

ಅಂದು ಅತ್ತಿಗೆ ಮನೆಗೆ ಬಂದ ರೀತಿಯೇ ಬೇರೆ. "ಟೇಪು ಅಂಟಿಸೋದು ತಪ್ಪುತ್ತೆ ಕಣೇ" ಎಂದರು. ನಾಕೇ ಪದ. ಅಷ್ಟು ದಿನ ನುಂಗಿಕೊಂಡದ್ದೆಲ್ಲ ಅದರಲ್ಲಿತ್ತು.

ದೋಣಿ ಕಟ್ಟುವ ಕ್ರಮವನ್ನು ಅತ್ತಿಗೆ ಚಿತ್ರ ಸಮೇತ ಬರೆದು ಪುಸ್ತಕ ತಯಾರಿಸಿದರು. ಮೊದಲು ಮನೆಯಲ್ಲೇ ಪರೀಕ್ಷೆ ಆಗಲಿ ಎಂದು ಹೊಸ ಬ್ಲಾಕುಗಳ ರಾಶಿ ಸುರಿದು ನನ್ನನ್ನು ಕೂರಿಸಿದರು. ಅಡಿಭಾಗ ಬಂತು, ಪಕ್ಕೆಗಳು ಬಂದವು. ಎರಡು ಪಕ್ಕೆಗಳೂ ಮುಂದಕ್ಕೆ ಓರೆಯಾಗಿ ಬಂದು ಮೂತಿಯಲ್ಲಿ ಕೂಡಿಕೊಳ್ಳಬೇಕು. ಕೂಡಲಿಲ್ಲ. ಒತ್ತಿದೆ, ಬೈದೆ, ಎದ್ದು ನಿಂತು ಒತ್ತಿದೆ. ಈ ಕಡೆ ಕೂತರೆ ಆ ಕಡೆ ಟಪ್ಪೆಂದು ಕಿತ್ತು ಬರುತ್ತಿತ್ತು.

"ನಿನ್ನ ಕೈಲಿ ಒಂದಾದ್ರೂ ನೆಟ್ಟಗಾಗುತ್ತಾ?" ಎಂದರು ಅತ್ತಿಗೆ.

ನನಗೆ ರೇಗಿತು. "ಅತ್ತಿಗೆ, ಇಡೀ ದಿನ ಸೂಜಿಗೆ ದಾರ ಪೋಣಿಸೋ ಕೈ ಇದು! ನೀವೇ ಕೂರಿಸಿ, ನೋಡೋಣ."

ಕೂರಿಸಲು ಹೋದರು. ಅವರಿಂದಲೂ ಆಗಲಿಲ್ಲ. ತಮ್ಮ ಹಳೆಯ ದೋಣಿಯ ಮೂತಿ ಬಿಚ್ಚಿದರು. ಅಲ್ಲಿಯ ಬ್ಲಾಕೊಂದನ್ನು ಹೊಸದರ ಪಕ್ಕ ನಿಲ್ಲಿಸಿ ಕಣ್ಣಿನ ಮಟ್ಟಕ್ಕೆ ಬಗ್ಗಿದರು. ಹಳೆಯದು ಒಂದು ಪಕ್ಕ ತುಸು ಸವೆದಿತ್ತು. ಮತ್ತೊಂದೂ ಹಾಗೆಯೇ. ಮೂತಿಯ ಬ್ಲಾಕುಗಳೆಲ್ಲ ಹಾಗೆಯೇ.

"ಅಯ್ಯೋ ದೇವರೇ, ಉಜ್ಜಿಬಿಟ್ಟಿದ್ದೀನಿ" ಎಂದರು. "ಯಾವಾಗ ಉಜ್ಜಿದೆನೇ? ನನಗೇ ಗೊತ್ತಿಲ್ಲ."

ಟೈಲ್ಸ್ ಹಾಕುವ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ನಮ್ಮಣ್ಣ ಬಾಗಿಲಲ್ಲೇ ಗೊಳ್ಳೆಂದು ನಕ್ಕ. "ದೋಣಿಗೂ ಹಲ್ಲು ಕಟ್ಟಿದೆಯಾ?" ಹೆಂಡತಿಯ ಮುಖ ನೋಡಿದವನೇ ಚಪ್ಪಲಿ ಬಿಡುವ ನೆಪದಲ್ಲಿ ತಲೆ ತಗ್ಗಿಸಿದ.

ನಾನು ಸುಲಭದ ದಾರಿ ಹೇಳಿಕೊಟ್ಟೆ. "ಅದಕ್ಯಾಕೆ ಇಷ್ಟು ತಲೆ ಕೆಡಿಸಿಕೊಳ್ತೀರಾ? ಅಂಗಡಿಗೆ ಒಯ್ಯೋ ರಾಶಿಯಲ್ಲಿ ಈ ಉಜ್ಜಿದವನ್ನೇ ಸೇರಿಸಿಬಿಡಿ. ಯಾರಿಗೆ ತಿಳಿಯುತ್ತೆ?"

"ಆಮೇಲೆ ಅವನು ಮಾರೋ ಡಬ್ಬಗಳಿಗೆ?"

ಸವೆದ ಬ್ಲಾಕುಗಳತ್ತ ಚಾಚಿದ್ದ ಕೈಯನ್ನು ನಾನು ಹಿಂದಕ್ಕೆಳೆದುಕೊಂಡೆ.

"ಇಷ್ಟು ವರ್ಷ ಒಬ್ಬರ ಬಾಯಿಗೆ ಒಂದು ಸೆಟ್ಟು ಮಾಡಿದ್ದು. ಇನ್ನೊಬ್ಬರಿಗೆ ಅದು ಕೂತ್ರೆ ನನ್ನ ಕೆಲಸ ಕೆಟ್ಟಿದೆ ಅಂತ ಅರ್ಥ. ಇಲ್ಲಿ ಎಲ್ಲರ ಕೈಗೂ ಕೂರಬೇಕು. ಅದು ನನಗೆ ಬರುತ್ತೋ ಇಲ್ವೋ" ಎಂದರು. ಅಷ್ಟು ಹೆದರಿದ ಅತ್ತಿಗೆಯನ್ನು ನಾನು ಕಂಡಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಬರೀ ಮೂತಿಯದೇ ಪಾರಾಯಣ. ಕಟ್ಟುವುದು, ಕೀಳುವುದು. ಅತ್ತಿಗೆ ತಾವಾಗಿಯೇ ಅರವನ್ನು ನನ್ನ ಅಂಗಡಿಯಲ್ಲಿಟ್ಟುಕೊಳ್ಳಲು ಕೊಟ್ಟರು. ಅದಿಲ್ಲದೆ ಬೆರಳ ತುದಿಯಿಂದ ಬ್ಲಾಕಿನ ಅಂಚನ್ನು ಉಜ್ಜುತ್ತ ಕೂರುವರು. ಅಣ್ಣ ಕೊನೆಗೊಮ್ಮೆ ಅನ್ನದ ತಟ್ಟೆ ಸರಿಸಿ, "ನಾವು ಮೂಲೆ ಮಟ್ಟ ನೋಡುವಾಗ ಒಂದು ಗೋಡೆ ಮೇಲೆ ಮೂರಡಿ, ಇನ್ನೊಂದರ ಮೇಲೆ ನಾಲ್ಕಡಿ ಗುರುತು ಮಾಡ್ತೀವಿ. ಮೂಲೆ ಮಟ್ಟ ಇದ್ರೆ ಆ ಎರಡು ಗುರುತಿನ ನಡುವಿನ ಓರೆ ಸರಿಯಾಗಿ ಐದು ಬರುತ್ತೆ. ನಿನ್ನ ಗುಬುಟು ಎಣಿಸಿ ನೋಡು" ಎಂದ.

ಅತ್ತಿಗೆ ಎಣಿಸಿದರು. ಅಗಲಕ್ಕೆ ಮೂರು, ಉದ್ದಕ್ಕೆ ನಾಲ್ಕು ಗುಬುಟು ಹಿಡಿದು, ಓರೆ ಪಕ್ಕೆಗೆ ಐದು ಕೊಟ್ಟರು. ಚಟ್ಟೆಂದು ಕೂತಿತು. ಆದರೆ ಚೂಪಾಗಿದ್ದ ಮೂತಿ ಮೊಂಡಾಯಿತು.

"ಥೂ, ಬಾತುಕೋಳಿ ಥರ ಇದೆ" ಎಂದರು. ಅವರ ಕಣ್ಣಲ್ಲಿ ನೀರೇ ಬಂತು. ಚೆಂದದ ಮೂತಿಯನ್ನು ಕೈಯಾರೆ ಕಿತ್ತು ಪಕ್ಕಕ್ಕಿಟ್ಟು, ಮೊಂಡು ಮೂತಿಯನ್ನೇ ಪುಸ್ತಕದಲ್ಲಿ ಹಾಕಿದರು.

ಪರೀಕ್ಷೆಯ ದಿನ ನಾನು ಅಂಗಡಿ ಮುಚ್ಚಿ ಜೊತೆಗೆ ಹೋದೆ. ಆಟಿಕೆ ಅಂಗಡಿಯಲ್ಲಿ ಕಪಾಟುಗಳಿಗೆ ಬಣ್ಣ ಹೊಡೆಯುತ್ತಿದ್ದ ಪೇಂಟರನ್ನೇ ಯಜಮಾನ ಹಿಡಿದು ಕೂರಿಸಿದ. ದಪ್ಪ ಬೆರಳು, ಉಗುರಿನ ತುಂಬ ಹಸಿರು ಬಣ್ಣ. "ಇದು ಮಕ್ಕಳಾಟ ಸ್ವಾಮಿ, ನನ್ನ ಕೈಗೆ ಎಲ್ಲಿ ಬರುತ್ತೆ?" ಎನ್ನುತ್ತಲೇ ಅವನು ಪುಸ್ತಕ ತೆರೆದ.

ಆಸಾಮಿ ನಿಧಾನ. ಒಂದು ಬ್ಲಾಕು ತಲೆಕೆಳಗಾಗಿ ಹಿಡಿದ. ಅತ್ತಿಗೆ ಉಸಿರು ಬಿಗಿಹಿಡಿದರು. ತಿರುಗಿಸಿದ, ಬಿಟ್ಟರು. ಮೂತಿಯ ಪುಟ ಬಂತು. ಓರೆ ಪಕ್ಕೆಯನ್ನು ಒಂದು ಗುಬುಟು ಹಿಂದೆ ಕೂರಿಸಲು ಹೋಗಿ ಒತ್ತಿದ. ಕೂರಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಅತ್ತಿಗೆ ಅರ್ಧ ಎದ್ದೇಬಿಟ್ಟರು. ತೋಳು ಹಿಡಿದು ಎಳೆದು ಕೂರಿಸಿದೆ. ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಂಡಿದರೆಂದರೆ ಬಳೆ ಬಾಗಿತು.

ಪೇಂಟರು ಪುಸ್ತಕವನ್ನು ಬೆಳಕಿಗೆ ಹಿಡಿದ. ತುಟಿ ಅಲ್ಲಾಡಿಸುತ್ತ ಗುಬುಟು ಎಣಿಸಿದ. ಪಕ್ಕೆಯನ್ನು ಬಿಡಿಸಿ ಒಂದು ಗುಬುಟು ಮುಂದಕ್ಕಿಟ್ಟ. ಚಟ್. ಇನ್ನೊಂದು ಬದಿ, ಚಟ್. ಆಮೇಲೆ ಅವನನ್ನು ತಡೆಯುವವರೇ ಇರಲಿಲ್ಲ. ಕಂಬ ನೆಟ್ಟ, ಹಾಯಿ ಏರಿಸಿದ, ಬಾಗಿ ಪುಟಾಣಿ ಒಲೆಯನ್ನು ಇಣುಕಿ ನೋಡಿ ಹುಡುಗನಂತೆ ನಕ್ಕ.

"ಒಂದನೇ ತಾರೀಖಿನಿಂದ ಬಂದುಬಿಡಿ ಅಮ್ಮಾ" ಎಂದ ಯಜಮಾನ. ಅತ್ತಿಗೆಗೆ ಅದು ಕೇಳಿಸಿತೋ ಇಲ್ಲವೋ. ಪೇಂಟರು ದೋಣಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ನಮ್ಮ ಕಡೆಗೇ ಬಂದ. ಇವರು ಯಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ನೋಡಿದ್ರಾ ಅಮ್ಮಾ? ನಾನು ಕಟ್ಟಿದ್ದು! ಮನೇಲಿ ಹೇಳಿದ್ರೆ ಯಾರೂ ನಂಬಲ್ಲ."

ಇದನ್ನು ಮಾಡಿದವರು ಇವರೇ ಕಣಯ್ಯಾ ಎಂದು ಹೇಳಲು ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಮೊಣಕೈ ಅದುಮಿದರು. ಕೆನ್ನೆಯ ಮೇಲೆ ಧಾರಾಕಾರ ನೀರು. ಅವನ ಬಾಯಿಯನ್ನಲ್ಲ, ಮುಖವನ್ನು ನೋಡುತ್ತಿದ್ದರು.

"ಹೌದಪ್ಪಾ" ಎಂದರು. "ನೀನೇ ಕಟ್ಟಿದ್ದು. ನಾನೇ ನೋಡಿದ್ದೀನಲ್ಲ."