ಮುಂದಿನ ತಿಂಗಳಣ್ಣ
ನಮ್ಮ ಬೀದಿಯ ಕಂಪ್ಯೂಟರ್ ಅಂಗಡಿಯವರಿಗೆ ನಾವೆಲ್ಲ ಇಟ್ಟಿರುವ ಹೆಸರು ಮುಂದಿನ ತಿಂಗಳಣ್ಣ. ಕೊಳ್ಳಲು ಬಂದವರನ್ನು ಕೂರಿಸಿ, ಫ್ಯಾನ್ ಹಾಕಿ, ನೀರು ಕೊಟ್ಟು, ಕೊನೆಗೆ "ಈಗ ತಗೋಬೇಡಿ, ಮುಂದಿನ ತಿಂಗಳು ಹೊಸ ಆಪರೇಟಿಂಗ್ ಸಿಸ್ಟಮ್ ಬರುತ್ತೆ, ಆಮೇಲೆ ನನ್ನ ಬೈಕೋತೀರಿ" ಎಂದು ವಾಪಸ್ ಕಳಿಸುವ ವ್ಯಾಪಾರಿ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು. ಆ ಹೊಸದೋ, ದಿನ ತುಂಬಿದರೂ ಹೊರಬರದ ಕೂಸು. ಕಂಪನಿಯವರು ಮುಂದೂಡಿದಾಗಲೆಲ್ಲ ಇವರು ಗಾಜಿನ ಬಾಗಿಲಿನ ಚೀಟಿಯಲ್ಲಿ ತಿಂಗಳ ಹೆಸರು ತಿದ್ದುತ್ತಾರೆ. "ಎಣ್ಣೆ ಬಂದಾಗ ಕಣ್ಣು ಮುಚ್ಕೊಳ್ಳೋದು ಅಂದ್ರೆ ಇದೇ ನೋಡಿ" ಎಂದು ಪಕ್ಕದ ದರ್ಜಿ ರೇಗಿಸಿದರೆ, "ನಂಬಿ ಬಂದವರ ತಲೆಗೆ ಹಳೇ ಸರಕು ಕಟ್ಟೋಕಾಗುತ್ತೇನಪ್ಪ" ಎನ್ನುತ್ತಾರೆ. ಇವತ್ತು ನಾನು ಮಗಳನ್ನು ಎತ್ತಿಕೊಂಡು ಹೋಗಿ, "ಹಳೇದೇ ಸಾಕಣ್ಣ, ಮನೆಯಿಂದ್ಲೇ ಕೆಲಸ ಶುರು ಮಾಡ್ಬೇಕು, ಕೊಡಿ" ಎಂದು ಹಟ ಹಿಡಿದೆ. ಅವರು ತಡವರಿಸುತ್ತಿರುವಾಗಲೇ ಮಗಳು ಕಂಕುಳಿಂದ ಜಾರಿ, ಗೋಡೆಯುದ್ದಕ್ಕೂ ಪೇರಿಸಿದ್ದ ಕಂಪ್ಯೂಟರ್ ಪೆಟ್ಟಿಗೆಗಳನ್ನು ಹಿಡಿದೆಳೆದಳು. ದೊಡ್ಡದೊಂದು ಅವಳ ತಲೆಯ ಮೇಲೆಯೇ ಬಿತ್ತು. ಚೀರುತ್ತ ಓಡಿ ಅದನ್ನು ಸರಿಸಿದೆ. ಮಗಳು ನಕ್ಕಳು. ಪೆಟ್ಟಿಗೆ ಖಾಲಿಯಿತ್ತು. ಉಳಿದವನ್ನು ಮುಟ್ಟಿ ನೋಡಿದೆ, ಎಲ್ಲವೂ ಖಾಲಿ. "ಮಾರಾಟ ಇಲ್ಲ ಅಂತ ಸರಕು ಕೊಟ್ಟೋರು ಮಾಲೆಲ್ಲ ವಾಪಸ್ ತಗೊಂಡ್ಹೋದ್ರಮ್ಮ" ಎಂದರು ಅವರು, ನನ್ನ ಮುಖ ನೋಡದೆ. "ಮನೆಯವಳಿಗೆ ಹೇಳಿಲ್ಲ. ದಿನಾ ಊಟ ತರ್ತಾಳೆ, ಈ ಪೆಟ್ಟಿಗೆ ನೋಡ್ಕೊಂಡು ಧೈರ್ಯವಾಗಿದ್ದಾಳೆ." ಅಷ್ಟರಲ್ಲಿ ಆಕೆಯೇ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ನಾನು ಪೆಟ್ಟಿಗೆಯನ್ನು ಎರಡೂ ಕೈಯಿಂದ ತಬ್ಬಿ, "ಅಬ್ಬಾ, ಏನು ಭಾರ ಅಣ್ಣ ಇದು" ಎನ್ನುತ್ತ ಮೇಲಕ್ಕೆತ್ತಿ ಇಟ್ಟೆ.