ಬಾವಿಕಟ್ಟೆಯ ಕೆಳಗಿದ್ದ ಬಿಂದಿಗೆ ನನ್ನದಲ್ಲ

ನಸೀಮಾ, ನಿನ್ನ ಪ್ರಬಂಧದಲ್ಲಿ ನನ್ನ ಹೆಸರು ಹಾಕಿ ಬರೆದಿರುವ ಬಾವಿಯ ಕಥೆ ನನ್ನದಲ್ಲ. ಅದು ನಮ್ಮೂರ ಮಾದಕ್ಕನದು. ನಾನು ಕದ್ದೆ.

ಸೊಸೆ ನನಗೆ ಟೈಪು ಮಾಡಲು ಕಲಿಸಿ ಇನ್ನೂ ತಿಂಗಳಾಗಿಲ್ಲ. ಇಷ್ಟು ದಿನ ಬೀಗಿತ್ತಿಗೆ ಕೀಟಲೆ ಮೆಸೇಜು ಕಳಿಸಿ ಒಬ್ಬಳೇ ನಗುತ್ತಿದ್ದೆ. ಇವತ್ತು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಫೋನು ಮಾಡಿಯೇ ಹೇಳಬಹುದಿತ್ತು — ಆದರೆ ನನ್ನ ಬಾಯಿ ನನಗೆ ಗೊತ್ತು. ಬಿಟ್ಟರೆ ಇದನ್ನೂ ಚೆಂದ ಮಾಡಿಬಿಡುತ್ತದೆ.

ನೀನು ಶಿರಾದಿಂದ ಬಸ್ಸು ಹಿಡಿದು ಬಂದು ನಮ್ಮ ಜಗಲಿಯಲ್ಲಿ ಕೂತೆ. ಹೆಂಗಸರ ಕಥೆ ಬರೆದುಕೊಳ್ಳಬೇಕು ಅಂದೆ. ನಾನು ಅತ್ತೆಯ ಡಬ್ಬಿಯಿಂದ ಬೆಲ್ಲ ಕದ್ದು ತಪ್ಪು ಇಲಿಯ ಮೇಲೆ ಹಾಕಿದ್ದನ್ನು ಹೇಳಿದೆ. ನಕ್ಕೆ ನೀನು. ಆದರೆ ಪೆನ್ನು ಮಾತ್ರ ಮಲಗಿಯೇ ಇತ್ತು. ನನಗೆ ಅದು ಓಡಬೇಕಿತ್ತು, ನೋಡು.

ಆಗ ಹೇಳಿದೆ — ತುಂಬು ಬಸುರಿ ನಾನು, ಕಟ್ಟೆಯ ಕೆಳಗೆ ಖಾಲಿ ಬಿಂದಿಗೆ ಇಟ್ಟು ಉರಿಬಿಸಿಲಲ್ಲಿ ನಿಂತಿದ್ದೆ, ಮೇಲೆ ಹಗ್ಗ ಹಿಡಿದಿದ್ದ ಅತ್ತೆ ನೀರು ಹುಯ್ಯಲಿಲ್ಲ, ಹೊಂಗೆಮರದ ಬುಡದಲ್ಲಿ ಹುಟ್ಟಿದ ಕೂಸು ಅಳಲೇ ಇಲ್ಲ ಅಂತ.

ಒಂದು ಕಡೆ ನೀನು ತಡೆದೆ. "ನಿಮ್ಮ ಮನೆ ಬಾವಿನೇ ಅಲ್ವಾ ಅಜ್ಜಿ? ಬಿಂದಿಗೆ ಯಾಕೆ ಕಟ್ಟೆ ಕೆಳಗಿಟ್ರಿ?"

ಮಾದಕ್ಕನ ಬಿಂದಿಗೆ ಎಲ್ಲಿತ್ತೋ ಅಲ್ಲೇ ಇಟ್ಟು ಹೇಳಿಬಿಟ್ಟಿದ್ದೆ.

"ಅತ್ತೆ ಮ್ಯಾಕೆ ಹತ್ತಬ್ಯಾಡ ಅಂದ್ಬುಟ್ಟಿದ್ರು ಕಣಮ್ಮ" ಅಂದೆ. ನೀನು ಕಣ್ಣೊರೆಸಿಕೊಂಡು ಅದನ್ನೂ ಬರೆದುಕೊಂಡೆ.

ಈಗ ನಿಜ ಕೇಳು. ಮಾದಕ್ಕನ ಕೇರಿಯವರು ನಮ್ಮ ಕಟ್ಟೆ ಹತ್ತುವ ಹಾಗಿರಲಿಲ್ಲ. ಕೆಳಗೆ ಬಿಂದಿಗೆ ಇಟ್ಟು ಕಾಯಬೇಕು, ನಾವು ಸೇದಿ ಮೇಲಿನಿಂದ ಹುಯ್ಯಬೇಕು. ಅವತ್ತು ಅತ್ತೆ ಮನೆಯಲ್ಲೇ ಇರಲಿಲ್ಲ, ಗೊರವನಹಳ್ಳಿಗೆ ಹೋಗಿದ್ದರು. ಹಗ್ಗ ಹಿಡಿದು ನಿಂತಿದ್ದವಳು ನಾನು.

"ಒಂದ್ ಬಿಂದ್ಗೆ ಉಯ್ದುಬುಡವ್ವ, ನಿಂತ್ಕಳಕಾಯ್ತಿಲ್ಲ" ಅಂದಳು ತುಂಬು ಬಸುರಿ ಮಾದಕ್ಕ.

"ದನ ಕುಡೀಲಿ, ತಡಿಯೇ. ಏನವಸ್ರ ನಿಂದು?" ಅಂದೆ.

ನಗುತ್ತಾ ಅಂದೆ, ನಸೀಮಾ. ಅತ್ತೆಯ ಹಾಗೆ ಗತ್ತಿನಿಂದ ಮಾತಾಡಿದರೆ ಹೇಗಿರುತ್ತದೆ ನೋಡೋಣ ಅಂತ. ದನಗಳು ನಿಧಾನಕ್ಕೆ ಕುಡಿದವು. ಅಷ್ಟರಲ್ಲಿ ಅವಳು ಹೊಂಗೆಮರದ ಬುಡಕ್ಕೆ ಕುಸಿದಿದ್ದಳು. ಆಮೇಲೂ ನಾನು ಒಂದು ಚೊಂಬು ನೀರು ಹಿಡಿದು ಕೆಳಗೆ ಇಳಿಯಲಿಲ್ಲ. ಇಳಿಯಲಿಲ್ಲ —

ಭಾನುವಾರ ನೀನು ಸಮುದಾಯ ಭವನದಲ್ಲಿ ಆ ಕಥೆ ಓದುತ್ತೀಯ. ನಿನ್ನೆ ಫಿಲ್ಟರ್ ನೀರಿನ ಹತ್ತಿರ ಮಾದಕ್ಕ ಸಿಕ್ಕಿದ್ದಳು. ಈಗಲೂ ನನ್ನ ಕ್ಯಾನು ತುಂಬುವವರೆಗೆ ತನ್ನದನ್ನು ಹಿಂದೆಯೇ ಇಡುತ್ತಾಳೆ.

"ನಿಮ್ ಕತೆ ಓದ್ತಾರಂತಲ್ಲವ್ವ. ನಾನೂ ಬತ್ತೀನಿ, ಮುಂದ್ಗಡೆನೇ ಕುಂತ್ಕತೀನಿ" ಅಂದಳು. ಬೊಚ್ಚುಬಾಯಿ ತುಂಬಾ ನಗು.

ಕ್ಯಾನು ಎತ್ತಲು ನನ್ನಿಂದ ಆಗಲಿಲ್ಲ. ಬಿಂದಿಗೆ, ಬಿಸಿಲು, ಹೊಂಗೆಮರ — ಎರಡನೇ ಸಾಲಿಗೇ ಅವಳಿಗೆ ಗೊತ್ತಾಗುತ್ತದೆ. ಎಲ್ಲರೆದುರು ಬೈದರೆ ತಡೆದುಕೊಂಡೇನು. ಏನೂ ಅನ್ನದೆ ಎದ್ದು ಹೋಗಿಬಿಟ್ಟರೆ?

ಅವತ್ತು ನೀನು ನನಗೆ ಬಿಡಿಸಿ ಹೇಳಿದ್ದೆ — ಹೆಣ್ಣು ಬರೀ ಹೆಣ್ಣಲ್ಲ, ಜಾತಿ, ಧರ್ಮ, ಬಡತನ ಎಲ್ಲ ಸೇರಿ ಅವಳು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡುತ್ತವೆ ಅಂತ. ನಾನು ತಲೆಯಾಡಿಸಿದ್ದೆ. ಆ ಬಾವಿಯ ಹತ್ತಿರ ಇದ್ದವರೂ ಇಬ್ಬರು ಹೆಂಗಸರೇ, ಇಬ್ಬರೂ ಒಂದೇ ವಯಸ್ಸಿನವರು, ನಾನೂ ಆಗ ಮೂರು ತಿಂಗಳ ಬಸುರಿ. ಒಬ್ಬಳು ಕಟ್ಟೆಯ ಮೇಲೆ, ಒಬ್ಬಳು ಕೆಳಗೆ. ನೀನು ಬರೆಯಲು ಬಂದಿದ್ದೇ ಅದನ್ನು. ನಾನು ಮೇಲಿದ್ದವಳನ್ನು ಅಳಿಸಿ, ಕೆಳಗಿದ್ದವಳ ಜಾಗದಲ್ಲಿ ನಿಂತುಬಿಟ್ಟೆ. ಸತ್ತುಹೋದ ಅತ್ತೆಯ ಕೈಗೆ ನನ್ನ ಹಗ್ಗ ಕೊಟ್ಟೆ.

ಚಿಕ್ಕವಳಿದ್ದೆ ಅನ್ನುವುದಿಲ್ಲ. ಯಾರೋ ಹೇಳಿಕೊಟ್ಟರು ಅನ್ನುವುದೂ ಇಲ್ಲ.

ಆ ಕಥೆಯನ್ನು ತೆಗೆದುಬಿಡು. ಅದರ ಜಾಗದಲ್ಲಿ ಈ ಕಾಗದವನ್ನೂ ಹಾಕಬೇಡ — ಹಾಕಿದರೆ ಮತ್ತೆ ಅವಳ ಕಥೆ ಹೇಳಿದವಳು ನಾನೇ ಆಗುತ್ತೇನೆ. ಹೇಳಬೇಕೋ ಬೇಡವೋ, ಅದು ಮಾದಕ್ಕನಿಗೆ ಬಿಟ್ಟದ್ದು.

ನಾಳೆ ಬೆಳಿಗ್ಗೆ ಅವಳ ಮನೆಗೆ ಹೋಗುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಆ ಕೇರಿಗೆ ಹೋದವಳಲ್ಲ. ಜಗಲಿಯ ಕೆಳಗೇ ನಿಂತು ಎಲ್ಲ ಹೇಳುತ್ತೇನೆ. ಬಾ ಅನ್ನದಿದ್ದರೂ — ಬಿಸಿಲೇರಿದರೂ — ನಿಂತಿರುತ್ತೇನೆ.