ಯಾಕೂಬ್ ನೋಡದೆ ಉಳಿದ ಆಟ

ಬಂಟ್ವಾಳ ಪೇಟೆಯ ಟೈಲರ್ ಯಾಕೂಬನ ಅಂಗಡಿಗೆ ಅಂಗಿ ಹೊಲಿಸಲು ಬರುವವರಿಗಿಂತ ಕ್ರಿಕೆಟ್ಟಿನ ಜಗಳ ಬಿಡಿಸಿಕೊಳ್ಳಲು ಬರುವವರೇ ಹೆಚ್ಚು ಎಂದು ಅವನ ತಾಯಿ ಬೀಯಮ್ಮ ಗೊಣಗುತ್ತಿದ್ದಳು. ಅದು ಸುಳ್ಳೂ ಅಲ್ಲ. ಸಿದ್ಧಕಟ್ಟೆಯಲ್ಲೋ ವಾಮದಪದವಿನಲ್ಲೋ ಹೋಟೆಲಿನ ಬೆಂಚಿನ ಮೇಲೆ ಇಬ್ಬರು ಮಾತಿಗೆ ಮಾತು ಬೆಳೆಸಿ, ಹಜಾರೆ ದೊಡ್ಡವನೋ ಮರ್ಚೆಂಟ್ ದೊಡ್ಡವನೋ ಎಂಬಲ್ಲಿಗೆ ಬಂದು ನಿಂತರೆ ಮೂರನೆಯವನು, "ಸುಮ್ಮನೆ ಬೊಬ್ಬೆ ಯಾಕೆ? ಯಾಕೂಬಾಕನ ಹತ್ತಿರ ಕೇಳುವ" ಎನ್ನುತ್ತಿದ್ದ. ಅಲ್ಲಿಗೆ ಜಗಳ ತಣ್ಣಗಾಗುತ್ತಿತ್ತು.

ಯಾಕೂಬ್ ಓದಿದ್ದು ಐದನೇ ಕ್ಲಾಸು. ಮಂಗಳೂರಿನಾಚೆ ಹೋದವನಲ್ಲ. ದೊಡ್ಡ ಪಂದ್ಯವೊಂದನ್ನೂ ಕಣ್ಣಾರೆ ಕಂಡವನಲ್ಲ. ಆದರೆ ಬಸ್ಸಿನಲ್ಲಿ ಬರುವ ಪೇಪರಿನ ಒಂದು ಅಂಕಿಯನ್ನೂ ಅವನು ಮರೆಯುತ್ತಿರಲಿಲ್ಲ. ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಒಂದು ಉದ್ದ ನೋಟುಪುಸ್ತಕವಿತ್ತು. ನಿಜವಾದ ದೊಡ್ಡ ಆಟಗಾರರು ಎಂದು ತನಗೆ ಖಾತ್ರಿಯಾದವರ ಹೆಸರನ್ನು ಮಾತ್ರ ಅದರಲ್ಲಿ ಬರೆಯುತ್ತಿದ್ದ. ಅವನ ನಿಯಮ ಒಂದೇ: ಹತ್ತು ವರ್ಷ ಆಡಿರಬೇಕು, ಹತ್ತು ವರ್ಷವೂ ಚೆನ್ನಾಗಿ ಆಡಿರಬೇಕು. ಐವತ್ತೆರಡರಲ್ಲಿ ಮಂಕಡ್ ಲಾರ್ಡ್ಸ್‌ನಲ್ಲಿ ನೂರ ಎಂಬತ್ತನಾಲ್ಕು ಹೊಡೆದಾಗ ಪೋಸ್ಟ್‌ಮ್ಯಾನ್ ಚನಿಯಪ್ಪ ಕಾಗದದ ಚೀಲ ಹೆಗಲಲ್ಲೇ ಇಟ್ಟುಕೊಂಡು ಓಡಿ ಬಂದು, "ಈಗಲಾದರೂ ಬರೆ ಮಾರಾಯ" ಎಂದು ಬೇಡಿಕೊಂಡಿದ್ದ. ಯಾಕೂಬ್ ಬರೆಯಲಿಲ್ಲ. ಐವತ್ತಾರರವರೆಗೆ ಕಾಯಿಸಿ, ಹತ್ತು ವರ್ಷ ತುಂಬಿದ ಮೇಲೆ ಮಸಿಯಲ್ಲಿ ಹೆಸರು ಬರೆದ. ಇಷ್ಟು ಗಟ್ಟಿಯಾಗಿ ನಿಲ್ಲುವವನೆಂದೇ ಜನ ಅವನ ಮಾತಿಗೆ ಬೆಲೆ ಕೊಡುತ್ತಿದ್ದರು.

ಅವನಿಗಿಂತ ಹದಿಮೂರು ವರ್ಷ ಚಿಕ್ಕವನು ತಮ್ಮ ಉಮ್ಮರ್. ಬಾಪ ತೀರಿಹೋದಾಗ ಉಮ್ಮರನಿಗೆ ಮೂರು ವರ್ಷ. ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದು ಯಾಕೂಬ್. ಉಮ್ಮರನಿಗೆ ಅಣ್ಣ ಅಂದರೆ ಇಚ್ಚ, ಇಚ್ಚ ಹೇಳಿದ್ದು ಅಂದರೆ ಮುಗಿಯಿತು. ದೊಡ್ಡವನಾಗಿ ಅದೇ ಅಂಗಡಿಯಲ್ಲಿ ಗುಂಡಿ ಹಚ್ಚುವುದು, ಕಾಜಾ ಹೊಲಿಯುವುದು ಮಾಡಿಕೊಂಡಿದ್ದ. ಬೇಸಿಗೆಯಲ್ಲಿ ನೇತ್ರಾವತಿ ಬತ್ತಿ ಮರಳು ಕಾಣಿಸಿಕೊಂಡ ಮೇಲೆ ಮಾತ್ರ ಸಂಜೆಯ ಹೊತ್ತು ಅವನು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ನೀರಿನಂಚಿನ ಗಟ್ಟಿ ಮರಳಿನಲ್ಲಿ ಕಾರ್ಕ್ ಚೆಂಡು ಹಿಡಿದು ಒಬ್ಬನೇ ಸ್ಪಿನ್ ಬೌಲಿಂಗ್ ಮಾಡುತ್ತಿದ್ದ. ಹುಡುಗನ ಕೈಯಲ್ಲಿ ಏನೋ ಉಂಟು ಎಂದು ಚನಿಯಪ್ಪ ಎಷ್ಟೋ ಸಲ ಹೇಳಿದ್ದ. ಯಾಕೂಬ್ ನಗುತ್ತಿದ್ದ, ಅಷ್ಟೇ.

ಐವತ್ತೊಂಬತ್ತರ ಫೆಬ್ರವರಿಯಲ್ಲಿ ಬಂಟ್ವಾಳದ ಹುಡುಗರ ತಂಡ ಮೂಡಬಿದ್ರೆಗೆ ಹೋಗಿ ಮಂಗಳೂರಿನ ಒಂದು ಕ್ಲಬ್ಬಿನ ಮೇಲೆ ಆಡಿತು. "ನೀವೂ ಬನ್ನಿ ಇಚ್ಚ, ಒಂದು ದಿನಕ್ಕೆ" ಎಂದು ಉಮ್ಮರ್ ಕರೆದ. ಕಲ್ಲಡ್ಕದ ಒಂದು ಮದುವೆ ಮನೆಯ ಬಟ್ಟೆ ರಾಶಿ ಬಿದ್ದಿತ್ತು. ಯಾಕೂಬ್ ಹೋಗಲಿಲ್ಲ. ಸಂಜೆ ಮಣ್ಣು ಮೆತ್ತಿದ ಬಿಳಿ ಪ್ಯಾಂಟಿನಲ್ಲೇ ಉಮ್ಮರ್ ಅಂಗಡಿಗೆ ಬಂದು ನಿಂತ.

"ಎಂಟು ವಿಕೆಟ್ ಸಿಕ್ಕಿತು ಇಚ್ಚ."

"ರನ್ ಎಷ್ಟು ಕೊಟ್ಟೆ?"

"ಇಪ್ಪತ್ತೆರಡು."

"ಹೂಂ. ಮನೆಗೆ ಹೋಗಿ ಊಟ ಮಾಡು."

ಯಾಕೂಬನ ಎದೆ ತುಂಬಿ ಬಂದಿತ್ತು. ಆದರೆ ಹೊಗಳಿದರೆ ಹುಡುಗ ಕೆಡುತ್ತಾನೆ, ಕಣ್ಣೂ ತಾಗೀತು ಎಂದು ಮೆಷಿನ್ನಿನಿಂದ ತಲೆ ಎತ್ತಲಿಲ್ಲ. ಉಮ್ಮರ್ ಪ್ಯಾಂಟಿನ ಮಣ್ಣು ಕೊಡವಿಕೊಂಡು ಮನೆಗೆ ಹೋದ.

ಅದೇ ವರ್ಷ ಡಿಸೆಂಬರಿನಲ್ಲಿ ಕಾನ್ಪುರದಲ್ಲಿ ನಮ್ಮವರು ಆಸ್ಟ್ರೇಲಿಯವನ್ನು ಸೋಲಿಸಿದರು. ಹೋಟೆಲಿನ ಬ್ಯಾಟರಿ ರೇಡಿಯೋದಿಂದ ಸುದ್ದಿ ಹೊರಬೀಳುತ್ತಿದ್ದಂತೆ ಪೇಟೆಗೆ ಪೇಟೆಯೇ ಯಾಕೂಬನ ಅಂಗಡಿಯ ಮುಂದೆ ಸೇರಿತು. ಒಂದೇ ಪಂದ್ಯದಲ್ಲಿ ಹದಿನಾಲ್ಕು ವಿಕೆಟ್ ಕಿತ್ತ ಜಸು ಪಟೇಲನ ಹೆಸರೇ ಎಲ್ಲರ ಬಾಯಲ್ಲಿ.

"ಈ ಸಲ ನಾನು ಬಿಡುವುದಿಲ್ಲ" ಎಂದ ಚನಿಯಪ್ಪ. "ತೆಗೆ ನಿನ್ನ ಪುಸ್ತಕ. ಇಂಥ ಬೌಲಿಂಗ್ ನಮ್ಮವರಲ್ಲಿ ಯಾರು ಮಾಡಿದ್ದಾರೆ?"

"ಯಾರೂ ಮಾಡಲಿಲ್ಲ. ಒಪ್ಪಿದೆ" ಎಂದ ಯಾಕೂಬ್. "ಆದರೆ ಅದು ಒಂದು ಪಂದ್ಯ. ಒಂದು ಪಂದ್ಯದಿಂದ ಯಾರೂ ದೊಡ್ಡವರಾಗುವುದಿಲ್ಲ."

ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ಉಮ್ಮರ್ ಸೂಜಿ ನಿಲ್ಲಿಸಿದ. ಇಂಥ ಚರ್ಚೆಯಲ್ಲಿ ಅವನು ಬಾಯಿ ಹಾಕಿದವನೇ ಅಲ್ಲ. ಅಂದು ಕೇಳಿದ:

"ಹಾಗಾದರೆ ಇಚ್ಚ, ಒಂದೇ ದಿನ ಚೆನ್ನಾಗಿ ಆಡಿದವನನ್ನು ಏನು ಹೇಳುವುದು?"

"ಅದೃಷ್ಟವಂತ ಅಂತ ಹೇಳುವುದು" ಎಂದ ಯಾಕೂಬ್. "ಗಾಳಿ ತಿರುಗಿತು, ಚೆಂಡು ತಿರುಗಿತು. ನಾಳೆ ತಿರುಗುತ್ತದಾ?"

ಎಲ್ಲರೂ ನಕ್ಕರು. ಉಮ್ಮರನೂ ನಕ್ಕ. ಹಲ್ಲಿನಲ್ಲಿ ನೂಲು ಕಡಿದು ಇನ್ನೊಂದು ಅಂಗಿ ಎತ್ತಿಕೊಂಡ.

ಆಮೇಲಿನ ಬೇಸಿಗೆಯಲ್ಲಿ ಮರಳು ಎದ್ದರೂ ಉಮ್ಮರ್ ಹೊಳೆಗೆ ಇಳಿಯಲಿಲ್ಲ. ಆಟದ ಹುಚ್ಚು ಬಿಟ್ಟಿತು, ಒಳ್ಳೆಯದೇ ಆಯಿತು ಎಂದಳು ಬೀಯಮ್ಮ. ಯಾಕೂಬನೂ ಹಾಗೆಯೇ ಅಂದುಕೊಂಡ. ಕೆಲವು ತಿಂಗಳಲ್ಲಿ ಉಮ್ಮರ್, ಕುಳಿತು ಕುಳಿತು ಬೆನ್ನು ಹಿಡಿಯುತ್ತದೆ ಎಂದು ಹೇಳಿ ಹಂಚು ಸಾಗಿಸುವ ಲಾರಿಯಲ್ಲಿ ಕ್ಲೀನರ್ ಆಗಿ ಸೇರಿಕೊಂಡ.

ಅರವತ್ತೊಂದರ ಮಳೆಗಾಲ. ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ ಲಾರಿ ಏರಲಾರದೆ ನಿಂತಿತು. ಚಕ್ರದ ಹಿಂದೆ ಮರದ ತುಂಡು ಇಡಲು ಉಮ್ಮರ್ ಬಗ್ಗಿದ. ಲಾರಿ ಒಂದು ಮೊಳ ಹಿಂದಕ್ಕೆ ಜಾರಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ತೆಗೆದರು. ಹನ್ನೆರಡು ದಿನ ಯಾಕೂಬ್ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ. ಕೈ ಬಗ್ಗೆ ಉಮ್ಮರ್ ಒಂದೇ ಒಂದು ಮಾತು ಆಡಿದ್ದು. "ಇನ್ನು ಕಾಜಾ ಹೊಲಿಯಲು ಆಗುವುದಿಲ್ಲ ಇಚ್ಚ" ಎಂದ. ಮರಳಿ ಅಂಗಡಿಗೆ ಬಂದು ಎಡಗೈಯಲ್ಲಿ ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿಯುವುದನ್ನು ಕಲಿತ.

ಮೂರು ವರ್ಷ ಕಳೆಯಿತು. ಬೇಸಿಗೆಯ ಒಂದು ಮಧ್ಯಾಹ್ನ ಉಮ್ಮರ್ ಊಟಕ್ಕೆ ಹೋಗಿದ್ದಾಗ, ಹೊಸದಾಗಿ ಊರಿಗೆ ವರ್ಗವಾಗಿ ಬಂದ ಒಬ್ಬ ಬ್ಯಾಂಕ್ ಗುಮಾಸ್ತರು ಪ್ಯಾಂಟಿನ ಅಳತೆ ಕೊಡಲು ಬಂದರು. ಗೋಡೆಗೆ ಅಂಟಿಸಿದ ಆಟಗಾರರ ಚಿತ್ರ ನೋಡಿ ಅವರ ಮುಖ ಅರಳಿತು.

"ನಾನೂ ಮಂಗಳೂರಿನಲ್ಲಿ ಆಡುತ್ತಿದ್ದೆ" ಎಂದರು. "ನಿಮ್ಮ ಬಂಟ್ವಾಳದಲ್ಲಿ ಒಬ್ಬ ಹುಡುಗ ಇದ್ದ, ಬ್ಯಾರಿಗಳ ಹುಡುಗ. ಹೆಸರು ಮರೆತಿದೆ. ಮೂಡಬಿದ್ರೆಯಲ್ಲಿ ನಮ್ಮ ಎಂಟು ಜನರನ್ನು ತೆಗೆದ."

ಯಾಕೂಬ್ ಸೊಂಟದ ಸುತ್ತ ಟೇಪು ಹಿಡಿದು ನಿಂತಿದ್ದವನು ಹಾಗೆಯೇ ನಿಂತ.

"ಸರಿಯಾಗಿ ಬಿದ್ದಿತಾ ಚೆಂಡು?" ಎಂದು ಕೇಳಿದ.

"ಸರಿಯಾಗಿಯಾ? ನಾನು ಹನ್ನೊಂದು ವರ್ಷ ಆಡಿದ್ದೇನೆ. ಬೆಂಗಳೂರಿನವರನ್ನು ಎದುರಿಸಿದ್ದೇನೆ, ಮದ್ರಾಸಿನವರನ್ನೂ. ಆ ಹುಡುಗನ ಕೈ ನೋಡಿದರೆ ಚೆಂಡು ಯಾವ ಕಡೆ ತಿರುಗುತ್ತದೆಂದು ಗೊತ್ತೇ ಆಗುತ್ತಿರಲಿಲ್ಲ. ಪಿಚ್ಚಿಗೆ ಹಾಸಿದ ಮ್ಯಾಟಿನ ಮೇಲೆ ಎಲ್ಲರ ಚೆಂಡೂ ತಿರುಗುತ್ತದೆ. ಇವನು ತನಗೆ ಬೇಕಾದಾಗ ಮಾತ್ರ ತಿರುಗಿಸುತ್ತಿದ್ದ. ನನ್ನನ್ನು ಔಟ್ ಮಾಡಿದ್ದು ತಿರುಗದ ಚೆಂಡಿನಲ್ಲಿ. ಹೊರಗೆ ಬರುವಾಗ ನನಗೇ ನಗು ಬಂತು. ನಮ್ಮ ಸೆಕ್ರೆಟರಿ ಮಾರನೇ ವರ್ಷ ಇಲ್ಲಿಗೇ ಬಂದು ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಹಿಡಿದರು. ಮಂಗಳೂರಿಗೆ ಬಾ, ಕೆಲಸ ಕೊಡಿಸುತ್ತೇವೆ, ನಮ್ಮ ಕ್ಲಬ್ಬಿಗೆ ಆಡು ಅಂದರು. ಬರಲಿಲ್ಲ ಮಾರಾಯ್ರೆ. ಏನು ಹೇಳಿದ ಗೊತ್ತುಂಟಾ? 'ಅದು ಅದೃಷ್ಟ ಸಾರ್. ಕ್ರಿಕೆಟ್ ವಿಷಯ ನನ್ನ ಅಣ್ಣನಿಗೆ ಎಲ್ಲ ಗೊತ್ತು. ಅವರೇ ಹೇಳಿದ್ದಾರೆ' ಅಂದನಂತೆ. ಯಾವ ಅಣ್ಣನೋ ಏನೋ. ಹುಡುಗ ಈಗ ಎಲ್ಲಿದ್ದಾನೆ?"

"ಇಲ್ಲೇ ಇದ್ದಾನೆ" ಎಂದ ಯಾಕೂಬ್. ಅಳತೆ ಬರೆದುಕೊಳ್ಳಲು ಹೋಗಿ ಒಂದು ಅಂಕಿಯೂ ನೆನಪಾಗದೆ ಮತ್ತೊಮ್ಮೆ ಮೊದಲಿನಿಂದ ಅಳೆದ.

ಉಮ್ಮರ್ ಊಟ ಮುಗಿಸಿ ಬಂದಾಗ ಅಂಗಡಿಯ ಒಂದು ಬಾಗಿಲು ಹಾಕಿತ್ತು. ಯಾಕೂಬ್ ಹಲಗೆಯ ಮೇಲೆ ಸುಮ್ಮನೆ ಕುಳಿತಿದ್ದ.

"ಮಂಗಳೂರಿನವರು ಕರೆದದ್ದನ್ನು ನನಗೆ ಯಾಕೆ ಹೇಳಲಿಲ್ಲ?"

ಉಮ್ಮರ್ ಇಸ್ತ್ರಿಪೆಟ್ಟಿಗೆಯ ಕೆಂಡ ಊದಿದ. ಬೂದಿ ಹಾರಿತು. "ಹಳೆಯ ವಿಷಯ ಅಲ್ಲವಾ ಇಚ್ಚ."

"ಯಾಕೆ ಹೇಳಲಿಲ್ಲ ಅಂತ ಕೇಳಿದೆ."

"ನೀವು ಹೇಳಿದ್ದಿರಲ್ಲ, ಒಂದು ದಿನದ್ದು ಅದೃಷ್ಟ ಅಂತ."

"ಅದು ಪಟೇಲನ ವಿಷಯ ಉಮ್ಮರ್! ನಿನ್ನ ವಿಷಯ ನಾನು ಯಾವಾಗ ಹೇಳಿದೆ?"

"ನಾನು ನನ್ನ ವಿಷಯವೇ ಕೇಳಿದ್ದು" ಎಂದ ಉಮ್ಮರ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಊರಿನವರೆಲ್ಲ ನಿಮ್ಮ ಹತ್ತಿರ ಕೇಳುತ್ತಾರೆ, ನೀವು ಹೇಳಿದ್ದನ್ನು ನಂಬುತ್ತಾರೆ. ನಾನು ಮಾತ್ರ ನಂಬುವುದಿಲ್ಲ ಅಂತ ಹೇಳಲಿಕ್ಕೆ ಆಗುತ್ತದಾ?"

ಯಾಕೂಬ್ ಡ್ರಾಯರು ಎಳೆದು ಪುಸ್ತಕ ತೆಗೆದ. ಹೊಸ ಪುಟ ತೆರೆದು ಪೆನ್ನಿನ ಮುಚ್ಚಳ ಬಿಚ್ಚಿದ. ಉಮ್ಮರ್ ಬಂದು ತನ್ನ ಮೂರು ಬೆರಳಿನ ಕೈಯನ್ನು ಪುಟದ ಮೇಲಿಟ್ಟ.

"ಬೇಡ ಇಚ್ಚ. ಅದರಲ್ಲಿ ಇರುವವರೆಲ್ಲ ಆಡಿದವರು. ನಾನು ಆಡಲಿಲ್ಲ."

ಯಾಕೂಬ್ ಆ ಕೈಯನ್ನು ಹಿಡಿದುಕೊಂಡು ಅತ್ತ. ಬಾಪನನ್ನು ಮಣ್ಣು ಮಾಡಿದ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಮುಂದಿನ ಶುಕ್ರವಾರ ಜುಮಾ ಮುಗಿಸಿಕೊಂಡು ಯಾಕೂಬ್ ತಮ್ಮನನ್ನು ಒತ್ತಾಯ ಮಾಡಿ ಹೊಳೆಗೆ ಕರೆದುಕೊಂಡು ಹೋದ. ಹೇಗೆ ಹಿಡಿಯುತ್ತಿದ್ದೆ, ತೋರಿಸು ಎಂದ. ಉಮ್ಮರ್ ಮೊದಲು ಒಪ್ಪಲಿಲ್ಲ. ಆಮೇಲೆ ಅಣ್ಣನ ಬಲಗೈಗೆ ಚೆಂಡು ಕೊಟ್ಟು, ಅವನ ಬೆರಳುಗಳನ್ನೇ ಒಂದೊಂದಾಗಿ ಬಿಡಿಸಿ ಚೆಂಡಿನ ಮೇಲೆ ಕೂರಿಸಿದ. "ಈ ಬೆರಳು ಇಲ್ಲಿ. ಇದು ಸ್ವಲ್ಪ ಅಗಲ. ಬಿಡುವಾಗ ಬಾಗಿಲ ಚಿಲಕ ತಿರುಗಿಸಿದ ಹಾಗೆ." ನಲವತ್ತರ ಯಾಕೂಬ್ ಲುಂಗಿ ಎತ್ತಿ ಕಟ್ಟಿ ಎಸೆದ. ಚೆಂಡು ಮರಳಿನಲ್ಲಿ ಹೂತು ಕುಳಿತಿತು. ಇನ್ನೊಂದು ಸಲ ಎಸೆದ. ಕತ್ತಲಾಗುವವರೆಗೆ ಎಸೆದ. ಒಂದೂ ತಿರುಗಲಿಲ್ಲ. "ಹೋಗುವ ಇಚ್ಚ" ಎಂದು ಉಮ್ಮರ್ ಮೆಲ್ಲಗೆ ಅವನ ಕೈಯಿಂದ ಚೆಂಡು ತೆಗೆದುಕೊಂಡ.

ಅರವತ್ತೈದರಲ್ಲಿ ಉಮ್ಮರನಿಗೆ ಬೆಳ್ತಂಗಡಿಯ ಸೈನಬಳ ಜೊತೆ ಮದುವೆಯಾಯಿತು. ಮಾವನ ದಿನಸಿ ಅಂಗಡಿ ನೋಡಿಕೊಂಡು ಅಲ್ಲೇ ನಿಂತ. ಬಂಟ್ವಾಳದ ಅಂಗಡಿಗೆ ಜನ ಬರುವುದು ನಿಲ್ಲಲಿಲ್ಲ. ಸೋಬರ್ಸ್ ಹೇಗೆ, ಪಟೌಡಿ ಹೇಗೆ ಎಂದು ಕೇಳುತ್ತಲೇ ಇದ್ದರು. ಯಾಕೂಬ್ ಮೆಷಿನ್ ತುಳಿಯುತ್ತಿದ್ದ. ಚನಿಯಪ್ಪ ಒಮ್ಮೆ ರೇಗಿ, "ಬಾಯಿ ಬಿಡು ಮಾರಾಯ, ನೀನು ಹೇಳದೆ ಯಾರು ಹೇಳುವುದು?" ಎಂದಾಗಲೂ ಬಾಯಿ ಬಿಡಲಿಲ್ಲ. ಕೊನೆಗೆ ಚನಿಯಪ್ಪನೂ ಕೇಳುವುದನ್ನು ಬಿಟ್ಟ. ಬಂದು ಕುಳಿತು ಬೀಡಿ ಸೇದಿ ಹೋಗುತ್ತಿದ್ದ.

ತಿಂಗಳಿಗೊಮ್ಮೆ ಯಾಕೂಬ್ ಬಸ್ಸು ಹತ್ತಿ ಬೆಳ್ತಂಗಡಿಗೆ ಹೋಗುತ್ತಿದ್ದ. ಒಂದು ಸಲ ಉಮ್ಮರ್ ಅಂಗಡಿಯಲ್ಲಿದ್ದಾಗ ಸೈನಬ ಚಹಾ ತಂದಿಟ್ಟು, ಬಾಗಿಲ ಮರೆಯಲ್ಲಿ ನಿಂತು ಕೇಳಿದಳು:

"ಇವರು ಮೊದಲು ಚೆಂಡಾಟದಲ್ಲಿ ತುಂಬ ಜೋರಿದ್ದರಂತೆ, ಹೌದಾ ಇಚ್ಚ? ಕೇಳಿದರೆ ಇವರು ಏನೂ ಹೇಳುವುದಿಲ್ಲ."

"ಹೌದಮ್ಮ" ಎಂದ ಯಾಕೂಬ್. "ಅವನ ಹಾಗೆ ಯಾರೂ ಇರಲಿಲ್ಲ."

ಸೈನಬಳ ಕಣ್ಣು ಹೊಳೆಯಿತು. "ನೀವು ನೋಡಿದ್ದೀರಾ?"

ಯಾಕೂಬ್ ಚಹಾದ ಗ್ಲಾಸು ಕೆಳಗಿಟ್ಟ.

"ಇಲ್ಲ" ಎಂದ. "ನಾನು ನೋಡಲಿಲ್ಲ."